ಹುಳ ಹಾಕದ ಫ್ಲಾಸ್ಕ್

ನಮ್ಮ ಸರ್ ನಿವೃತ್ತರಾದ ದಿನ ಬಾಗಲಕೋಟೆಯ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡಿದರು. ಸರಳಜೀವಿ ಎಂದರು, ಶಿಸ್ತಿನ ಸಿಪಾಯಿ ಎಂದರು, ಒಬ್ಬರಂತೂ ಋಷಿ ಎಂದೇ ಬಿಟ್ಟರು. ಅವರ ಕೈಕೆಳಗೆ ಪಿಎಚ್.ಡಿ. ಮಾಡಿದವಳೆಂದು ನನ್ನ ಹೆಸರನ್ನೂ ಕರೆದರು. ನಾನು ಗಂಟಲು ಮುಟ್ಟಿಕೊಂಡು, ಆಗುವುದಿಲ್ಲ ಎಂದು ಕೈಸನ್ನೆ ಮಾಡಿ ಕೂತುಬಿಟ್ಟೆ. ಗಂಟಲಿಗೆ ಏನೂ ಆಗಿರಲಿಲ್ಲ. ಎದ್ದು ನಿಂತರೆ ಬಾಯಿಂದ ಬರುವುದೆಲ್ಲ ದೂರುಗಳೇ ಎಂಬ ಹೆದರಿಕೆ. ಎಂಟು ವರ್ಷ ಆ ಮನುಷ್ಯ ನನ್ನ ತಲೆ ತಿಂದಿದ್ದಾರೆ. ಹಾರ ಹಾಕಿಸಿಕೊಂಡು ಕೂತವರ ಎದುರಿಗೆ ಅದನ್ನು ಹೇಳುವುದು ಹೇಗೆ? ಅದಕ್ಕೇ ಬರೆಯುತ್ತಿದ್ದೇನೆ.

ಸರ್ ಹುನಗುಂದದ ಕಡೆಯವರು. ಕುರಿ ಸಾಕುವ ಮನೆತನ. ಅವರ ಅಣ್ಣ ಈಗಲೂ ಹಿಂಡು ಹೊಡೆದುಕೊಂಡು ಅಡ್ಡಾಡುತ್ತಾರೆ. ಸರ್ ಮಾತ್ರ ಸೂಕ್ಷ್ಮಜೀವಿಶಾಸ್ತ್ರ ಓದಿ, ದೂರದ ದೊಡ್ಡ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿ, ತಿರುಗಿ ಈ ಕಡೆಗೇ ಬಂದವರು. ಬಂದವರು ಬಾಗಲಕೋಟೆಯಲ್ಲಾದರೂ ಮನೆ ಮಾಡಬಾರದೇ? ಇಲ್ಲ. ದಿನಾ ಬೆಳಿಗ್ಗೆ ಹುನಗುಂದದ ಬಸ್ಸಿಗೆ ಬರುವುದು, ಸಂಜೆ ಅದೇ ಬಸ್ಸಿಗೆ ಹೋಗುವುದು. ವರ್ಷಕ್ಕೆ ಒಂದೇ ರಜೆ, ಬೀರಪ್ಪನ ಹಬ್ಬಕ್ಕೆ. ಅವರ ಕುರ್ಚಿಯ ಮೇಲೆ ಬೇಸಿಗೆಯ ಉರಿಯಲ್ಲೂ ಒಂದು ಕರಿ ಕಂಬಳಿ ಹಾಸಿರುತ್ತಿತ್ತು.

"ಸೆಕಿ ಆಗಂಗಿಲ್ಲೇನ್ರಿ ಸರ್?" ಎಂದು ಒಮ್ಮೆ ಕೇಳಿದೆ.

"ಕುರಿಗೆ ಆಗ್ತೈತೇನು?" ಎಂದರು.

ಇಂಥ ಮನುಷ್ಯನ ಜೊತೆ ಮಾತು ಬೆಳೆಸುವುದು ಹೇಗೆ ಹೇಳಿ.

ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಬಿಗಿ ಮುಚ್ಚಳದ ಒಂದು ಪ್ಲಾಸ್ಟಿಕ್ ನಳಿಕೆ ಇರುತ್ತಿತ್ತು. ನಾನು ಸೇರಿದ ಮೊದಲ ವರ್ಷ ವಿಭಾಗದವರೆಲ್ಲ ಬಾದಾಮಿಗೆ ಹೋಗಿದ್ದೆವು. ಗುಹೆಗಳನ್ನು ನೋಡಿ ಚೊಳಚಗುಡ್ಡಕ್ಕೆ ಬಂದು, ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳಿಂದ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಕೊಂಡು ಮರದ ನೆರಳಿಗೆ ಊಟಕ್ಕೆ ಕೂತೆವು. ಎಲ್ಲರೂ ಉಣ್ಣುತ್ತಿದ್ದರೆ ಸರ್ ಮೊಸರಿನವಳನ್ನು ಹಿಡಿದು ನಿಲ್ಲಿಸಿಕೊಂಡು, ಹೆಪ್ಪು ಎಲ್ಲಿಂದ ತಂದೆ, ಎಷ್ಟು ವರ್ಷದಿಂದ ಅದೇ ಹೆಪ್ಪು, ಗಡಿಗೆ ತೊಳೆಯುತ್ತೀಯೋ ಇಲ್ಲವೋ ಎಂದು ವಿಚಾರಣೆ ನಡೆಸಿದರು. ಪಾಪ ಆಕೆ ಇವರು ಯಾರೋ ತಪಾಸಣೆಗೆ ಬಂದ ಸಾಹೇಬರೆಂದು ತಿಳಿದು, "ದಿನಾ ತೊಳೀತೇನ್ರಿ ಯಪ್ಪಾ, ದೇವ್ರಾಣಿ" ಎಂದು ಅಳುವ ದನಿ ತೆಗೆದಳು. ಸರ್ ಮುಖ ಸಪ್ಪಗಾಯಿತು. "ತೊಳೀಬಾರದಾಗಿತ್ತವ್ವಾ" ಎಂದು ಒಂದು ಚಮಚ ಮೊಸರನ್ನು ನಳಿಕೆಗೆ ಹಾಕಿಕೊಂಡು ಜೇಬಿಗಿಟ್ಟರು. ಆ ದಿನ ಅವರು ಗುಹೆ ನೋಡಿದ ನೆನಪು ನನಗಿಲ್ಲ.

ಪ್ರಯೋಗಾಲಯದಲ್ಲಿ ಅವರದೊಂದು ಕಾನೂನು. ತಾರೀಖು ಬರೆಯದ ನಳಿಕೆ ನಳಿಕೆಯೇ ಅಲ್ಲ. ಒಂದು ವಾರ ಬೆವರು ಸುರಿಸಿ ಬೆಳೆಸಿದ ನನ್ನ ಹನ್ನೆರಡು ನಳಿಕೆಗಳಲ್ಲಿ ಹೆಸರಿತ್ತು, ಸಂಖ್ಯೆಯಿತ್ತು, ತಾರೀಖು ಮಾತ್ರ ಇರಲಿಲ್ಲ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಹನ್ನೆರಡನ್ನೂ ಬ್ಲೀಚಿನ ಬಕೆಟ್ಟಿಗೆ ಸುರಿದಿದ್ದರು.

"ಸರ್, ಅವು ಮೊನ್ನೀವು ಅಂತ ನನಗ ಗೊತ್ತಿತ್ತಲ್ರಿ!"

"ನಿನಗ ಗೊತ್ತಿತ್ತು. ನಳಿಕಿಗೆ ಗೊತ್ತಿರಲಿಲ್ಲ."

ಅಳುತ್ತ ನಿಂತವಳ ಕೈಗೆ ಒಂದು ಹೊಸ ಮಾರ್ಕರ್ ಪೆನ್ನು ಕೊಟ್ಟು ಬಸ್ಸಿಗೆ ಹೋದರು.

ನಮ್ಮ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಸರ್ ಬ್ಯಾಕ್ಟೀರಿಯಾಕ್ಕೆ ಹುಳ ಎನ್ನುತ್ತಿದ್ದರು, ನನಗೂ ಅದೇ ಬಾಯಿಗೆ ಬಂದಿದೆ. ಪ್ರಯೋಗಾಲಯಗಳಲ್ಲಿ ಎಲ್ಲರೂ ಬಳಸುವ ಸಾಮಾನ್ಯ ಹುಳ ಅದು. ಗಾಳಿ ಕೊಡದೆ ಸಕ್ಕರೆ ತಿನ್ನಿಸಿದರೆ ನಾಲ್ಕಾರು ಬಗೆಯ ಆಮ್ಲಗಳನ್ನು ಮಾಡಿ, ಜೊತೆಗೆ ಒಂದಿಷ್ಟು ಆಲ್ಕೋಹಾಲನ್ನೂ ಮಾಡುತ್ತದೆ. ಪೆಟ್ರೋಲಿಗೆ ಬೆರೆಸಲು ಬೇಕಾದದ್ದು ಆಲ್ಕೋಹಾಲು. ಆಮ್ಲ ಯಾರಿಗೂ ಬೇಡ. ಹುಳದ ವಂಶವಾಹಿಗಳಲ್ಲಿ ಆಮ್ಲ ಮಾಡುವ ದಾರಿಗಳನ್ನು ಒಂದೊಂದಾಗಿ ಕತ್ತರಿಸಿ, ಇನ್ನೊಂದು ಜಾತಿಯ ಹುಳದಿಂದ ಆಲ್ಕೋಹಾಲು ಮಾಡುವ ಎರಡು ಜೀನ್ ತಂದು ಸೇರಿಸಿ, ತಿಂದ ಸಕ್ಕರೆಯೆಲ್ಲ ಆಲ್ಕೋಹಾಲಾಗುವಂತೆ ಮಾಡುವುದು ನನ್ನ ಪಿಎಚ್.ಡಿ. ಸಕ್ಕರೆಯೂ ಶುದ್ಧ ಸಕ್ಕರೆಯಲ್ಲ, ಈ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕೊನೆಗೆ ಉಳಿಯುವ ಕಪ್ಪು ಕಾಕಂಬಿ.

ಹೇಳಲು ಎರಡು ಸಾಲು. ಮಾಡಲು ಹೋದರೆ ಒಂದು ದಾರಿ ಮುಚ್ಚಿದ ಕೂಡಲೇ ಹುಳ ಇನ್ನೊಂದು ದಾರಿ ಹಿಡಿಯುತ್ತಿತ್ತು. ಅದನ್ನೂ ಮುಚ್ಚಿದರೆ ಬೆಳೆಯುವುದನ್ನೇ ನಿಲ್ಲಿಸುತ್ತಿತ್ತು. ನಾನು ತಲೆ ಮೇಲೆ ಕೈ ಹೊತ್ತು ಕೂತರೆ ಸರ್ ಕಂಬಳಿಯ ಮೇಲಿಂದಲೇ ಪಾಠ ಹೇಳುತ್ತಿದ್ದರು.

"ದೊಡ್ಡಿಯೊಳಗ ಕುರಿ ಕೂಡೇವಿ ಅಂತ ತಿಳ್ಕೊ. ಬೇಲ್ಯಾಗ ಒಂದ್ ಕಿಂಡಿ ಮುಚ್ಚಿದ್ರ ಇನ್ನೊಂದ್ ಕಿಂಡ್ಯಾಗಿಂದ ಹೊರಗ ಹೊಕ್ಕಾವ. ಎಲ್ಲಾ ಮುಚ್ಚಿದಿ ಅಂದ್ರ ಒಂದರ ಮ್ಯಾಲೊಂದು ಬಿದ್ದು ಸಾಯ್ತಾವ. ಮೊದಲ ದೊಡ್ಡ ಬಾಗಲಾ ತಗಿ. ಆಮ್ಯಾಲ ಕಿಂಡಿ ಮುಚ್ಚು."

"ಸರ್, ಅದು ಗೊತ್ತೈತ್ರಿ. ಪೇಪರ್ ಯಾವಾಗ ಬರಿಯೂನ್ರಿ?"

"ಕುರಿ ಹೊರಗ ಬರಲಿ."

ನನ್ನ ಮದುವೆ ಆದದ್ದು ಇಳಕಲ್‌ನಲ್ಲಿ. ನನ್ನ ಯಜಮಾನರಿಗೆ ಅಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಘಟಕದಲ್ಲಿ ಕೆಲಸ. ಅಕ್ಷತೆ ಬಿದ್ದ ಮೇಲೆ ಜನ ಸಾಲಾಗಿ ವೇದಿಕೆ ಹತ್ತಿ ಹರಸಿ ಹೋಗುತ್ತಿದ್ದರು. ಸಾಲಿನಲ್ಲಿ ಸರ್ ಕೂಡ ಬಂದರು, ಕೈಯಲ್ಲಿ ಒಂದು ಹೂವಿನ ಗುಚ್ಛ. ನಾನು ಬಗ್ಗಿ ಕಾಲು ಮುಟ್ಟಿದೆ. ತಲೆಯ ಮೇಲೆ ಕೈ ಇಟ್ಟು, ಮೆಲ್ಲಗೆ, ಹರಸುವ ದನಿಯಲ್ಲೇ ಕೇಳಿದರು.

"ಮೊನ್ನೆ ಹುಳ ಹಚ್ಚಿದ ಪ್ಲೇಟು ಫ್ರಿಡ್ಜಿನ್ಯಾಗ ಇಟ್ಟು ಬಂದಿಯಿಲ್ಲೋ?"

ಬಂದಿರಲಿಲ್ಲ. ಅರಿಶಿನ ಹಚ್ಚುವ ಗಡಿಬಿಡಿಯಲ್ಲಿ ಮರೆತು, ಹುಳ ಬೆಳೆಸುವ ಬೆಚ್ಚಗಿನ ಪೆಟ್ಟಿಗೆಯಲ್ಲೇ ಬಿಟ್ಟು ಬಂದಿದ್ದೆ. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ವೇದಿಕೆ ಇಳಿದವರು ಊಟದ ಕಡೆ ತಿರುಗಿಯೂ ನೋಡದೆ ಬಸ್‌ಸ್ಟ್ಯಾಂಡಿಗೆ ನಡೆದರು. ಭಾನುವಾರ, ಕಾಲೇಜಿನ ಬೀಗ ತೆಗೆಸಿ, ಪ್ಲೇಟುಗಳನ್ನು ಫ್ರಿಡ್ಜಿಗಿಟ್ಟು, ಆಮೇಲೆ ಹುನಗುಂದಕ್ಕೆ ಹೋದರಂತೆ. ಇತ್ತ ನನ್ನ ಅತ್ತೆ, "ನಿಮ್ಮ ಗುರುಗಳು ಉಣ್ಣಲಾರದ ಯಾಕ ಹೋದ್ರವ್ವಾ? ನಮ್ಮ ಕಡಿಂದ ಏನರ ತಪ್ಪಾತೇನು?" ಎಂದು ಮೂರು ಸಲ ಕೇಳಿದರು. ಏನೆಂದು ಹೇಳಲಿ? ಹೊಸ ಸೊಸೆ, ಮೊದಲ ದಿನ, ಹುಳದ ಕಥೆ ಹೇಳುತ್ತ ಕೂರಲೇ?

ಈಗ ನಿಜವಾದ ದೂರಿಗೆ ಬರುತ್ತೇನೆ.

ಐದನೇ ವರ್ಷದ ಕೊನೆಗೆ ನನ್ನ ಹುಳ ಒಮ್ಮೆಲೇ ಕೈ ಹಿಡಿಯಿತು. ಶುದ್ಧ ಸಕ್ಕರೆಯ ಫ್ಲಾಸ್ಕುಗಳಲ್ಲಿ ಅಷ್ಟಕ್ಕಷ್ಟೇ, ಆದರೆ ಕಾಕಂಬಿಯ ಫ್ಲಾಸ್ಕಿನಲ್ಲಿ ಆಲ್ಕೋಹಾಲು ಅದಕ್ಕಿಂತ ಎರಡು ಪಟ್ಟು. ಮತ್ತೆ ಮಾಡಿದೆ, ಬಂತು. ಮೂರನೇ ಸಲವೂ ಬಂತು. ಪ್ರಾಂಶುಪಾಲರಿಗೆ ಸುದ್ದಿ ಹೋಯಿತು. ಅವರು ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿ ವಿಭಾಗದವರಿಗೆ ಹೇಳಿದರು. ಅವರು ನೋಡಲು ಬರುತ್ತೇವೆಂದರು. ಅದೇ ಹೊತ್ತಿಗೆ ಬಾದಾಮಿಯ ಒಂದು ಕಾಲೇಜಿನಲ್ಲಿ ಅಧ್ಯಾಪಕಿಯ ಹುದ್ದೆ ಖಾಲಿಯಿತ್ತು. ಆ ವರ್ಷ ಪ್ರಬಂಧ ಸಲ್ಲಿಸಿದರೆ ನಿನಗೇ ಎಂದು ಅಲ್ಲಿಯವರು ಹೇಳಿದ್ದರು. ಬಾದಾಮಿಯಿಂದ ನನ್ನ ತವರು ಗುಳೇದಗುಡ್ಡ ಹತ್ತಿರ. ನಾನು ಮನಸ್ಸಿನಲ್ಲೇ ಅಲ್ಲೊಂದು ಮನೆ ಮಾಡಿ ಕಿಟಕಿಗೆ ಪರದೆಯನ್ನೂ ಹಾಕಿಬಿಟ್ಟಿದ್ದೆ.

ಸರ್ ಮಾತ್ರ ಫ್ಲಾಸ್ಕಿನ ಬಾಯಿಗಿಟ್ಟ ಹತ್ತಿ ತೆಗೆದು ಮೂಸಿ ನೋಡಿದರು.

"ಇದರ ವಾಸನಿ ಬ್ಯಾರೆ ಐತಿ ತಂಗಿ. ಹುಳದ ವಾಸನಿ ಅಲ್ಲ. ಹಿಟ್ಟು ಹುಳಿ ಬಂದಂಗ ಐತಿ."

"ಯಂತ್ರದಾಗ ಅಳದೇನ್ರಿ ಸರ್. ಮೂರು ಸಲ. ವಾಸನಿ ಮ್ಯಾಲೆ ಪಿಎಚ್.ಡಿ. ಕೊಡ್ತಾರೇನ್ರಿ?"

"ಹುಳ ಹಾಕದ ಫ್ಲಾಸ್ಕ್ ಎಲ್ಲೈತಿ?"

ಬರೀ ಕಾಕಂಬಿ ಇಟ್ಟು, ಹುಳ ಹಾಕದೆ, ಪಕ್ಕದಲ್ಲೇ ಇಡಬೇಕಾದ ಫ್ಲಾಸ್ಕು. ಅದರಲ್ಲಿ ಏನೂ ಆಗಬಾರದು. ಆಗ ಮಾತ್ರ ಉಳಿದದ್ದರಲ್ಲಿ ಆದದ್ದು ಹುಳದಿಂದಲೇ ಎಂದು ಹೇಳಬಹುದು. ಅಲುಗಿಸುವ ಯಂತ್ರದಲ್ಲಿ ಜಾಗ ಇರಲಿಲ್ಲವೆಂದು ನಾನು ಅದನ್ನು ಇಟ್ಟಿರಲಿಲ್ಲ. ಹಾಗೆಂದೆ.

"ಇಡು" ಎಂದರು. ಕಾರ್ಖಾನೆಯವರು ಬರುವುದಕ್ಕೆ ಮೂರು ದಿನವಿತ್ತು.

ಇನ್ನೊಂದು ವಿಷಯವನ್ನು ನಾನು ಸರ್ ಅವರಿಗೆ ಹೇಳಿರಲಿಲ್ಲ. ಕಾಕಂಬಿಯನ್ನು ನೀರು ಬೆರೆಸಿ ತೆಳುವಾಗಿಸಿ, ಸೂಕ್ಷ್ಮ ಸೋಸುಹಾಳೆಯಲ್ಲಿ ಸೋಸಬೇಕೆಂದು ಅವರ ಅಪ್ಪಣೆ. ಜಾಸ್ತಿ ಕಾಸಿದರೆ ಅದು ಕೆಟ್ಟು ಹುಳಕ್ಕೆ ವಿಷವಾಗುತ್ತದೆ. ಆದರೆ ಹಾಳೆಗಳು ಮುಗಿದಿದ್ದವು. ಹೊಸವು ಬರಲು ತಿಂಗಳಾಗುತ್ತಿತ್ತು. ನಾನು ಬಿಸಿನೀರಿನಲ್ಲಿಟ್ಟು ಅರ್ಧ ತಾಸು ಸಣ್ಣಗೆ ಕಾಸಿ ಮುಗಿಸಿದ್ದೆ. ನಮ್ಮ ಹುಳಕ್ಕೆ ತಟ್ಟದ ಆಂಟಿಬಯೋಟಿಕ್ ಹಾಕಿದ್ದೇನಲ್ಲ, ಬೇರೆ ಏನು ಬೆಳೆಯುತ್ತದೆ ಎಂದು ಧೈರ್ಯ.

ಕಾರ್ಖಾನೆಯವರು ಬರುವ ದಿನ ಬೆಳಿಗ್ಗೆ ನೋಡಿದರೆ ಹುಳ ಹಾಕದ ಫ್ಲಾಸ್ಕು ನೊರೆ ಉಕ್ಕಿಸಿಕೊಂಡು ನಿಂತಿತ್ತು. ಅಳೆದೆ. ಅದರಲ್ಲೂ ಆಲ್ಕೋಹಾಲು. ಸರ್ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಸರಿದು ನಿಂತರು. ನಾನು ಬಗ್ಗಿ ನೋಡಿದೆ. ದುಂಡು ದುಂಡಾಗಿ, ಮೊಗ್ಗು ಒಡೆಯುತ್ತ, ಸಾಲು ಸಾಲು ಯೀಸ್ಟ್. ಕಾಕಂಬಿಯೊಳಗೇ ಇದ್ದ ಕಾಡು ಯೀಸ್ಟ್. ನಾನು ಕಾಸಿದ ಕಾವಿಗೆ ಪೂರ್ತಿ ಸತ್ತಿರಲಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಅದಕ್ಕೆ ತಟ್ಟುವುದೂ ಇಲ್ಲ. ಮೂರು ಸಲವೂ ಒಂದೇ ಡಬ್ಬಿಯ ಕಾಕಂಬಿ ಬಳಸಿದ್ದೆ, ಮೂರು ಸಲವೂ ಅದೇ ಯೀಸ್ಟು ಆಲ್ಕೋಹಾಲು ಮಾಡಿತ್ತು. ಹಾಕುವ ಮೊದಲು ನನ್ನ ಹುಳವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೆನೇ ಹೊರತು, ಕೊನೆಯಲ್ಲಿ ಫ್ಲಾಸ್ಕಿನೊಳಗೆ ಯಾರಿದ್ದಾರೆಂದು ನೋಡಿರಲಿಲ್ಲ.

ಸೋಸುಹಾಳೆಯ ವಿಷಯ ಆಗ ಬಾಯಿಬಿಟ್ಟೆ. ಸರ್ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸರ್, ಕೈ ಮುಗೀತೇನ್ರಿ. ಇವತ್ತೊಂದ್ ದಿವಸ ಸುಮ್ಮನಿರ್ರಿ. ಅವರು ಬಂದು ಚಹಾ ಕುಡದು ಹೋಗ್ಲಿ. ಆಮ್ಯಾಲ ಎಲ್ಲಾ ಸರಿ ಮಾಡ್ತೇನಿ."

ಚಷ್ಮಾ ಒರೆಸುತ್ತ ಕೇಳಿದರು, "ಸುಮ್ಮನಿದ್ರ ಏನಾಗ್ತೈತಿ?"

"ಏನೂ ಆಗಂಗಿಲ್ರಿ."

"ಆಗ್ತೈತಿ. ಅವರು ನಂಬ್ತಾರ."

ಸಭೆಯಲ್ಲಿ ಪ್ರಾಂಶುಪಾಲರು ನನ್ನನ್ನು ಹೊಗಳಿ ಮುಗಿಸಿದ ಮೇಲೆ ಸರ್ ಎದ್ದರು. ಕಾರ್ಖಾನೆಯವರು ನಾಲ್ಕು ಜನ, ಮುಂದಿನ ಸಾಲು. ಹಿಂದೆ ನಮ್ಮ ಅಧ್ಯಾಪಕರು, ವಿದ್ಯಾರ್ಥಿಗಳು.

"ನೀವು ಕೇಳಿದ ಸುದ್ದಿ ಖರೆ ಅಲ್ರಿ. ಆಲ್ಕೋಹಾಲ್ ಮಾಡಿದ್ದು ನಮ್ಮ ಹುಳ ಅಲ್ಲ, ನಿಮ್ಮ ಕಾಕಂಬಿಯೊಳಗಿನ ಯೀಸ್ಟು. ಸೋಸೂದು ಬಿಟ್ಟು ಕಾಸಿದ್ದು ಈಕಿ ತಪ್ಪು. ಹುಳ ಹಾಕದ ಫ್ಲಾಸ್ಕ್ ಇಟ್ಟಾಳಿಲ್ಲೋ ಅಂತ ಮೊದಲನೇ ದಿವಸನ ನೋಡಲಾರದ್ದು ನನ್ನ ತಪ್ಪು. ಎರಡೂ ಸರಿ ಸರಿ ಅದಾವ. ನಿಮ್ಮ ಟೈಮ್ ಹಾಳು ಮಾಡಿದ್ವಿ, ಕ್ಷಮಾ ಮಾಡ್ರಿ."

ಇಷ್ಟೇ. ಎಲ್ಲ ತಪ್ಪೂ ತಮ್ಮದೆಂದು ತಾವೇ ಹೊತ್ತುಕೊಂಡರೇ? ಇಲ್ಲ. ಎಲ್ಲವನ್ನೂ ನನ್ನ ಮೇಲೆ ಹಾಕಿದರೇ? ಅದೂ ಇಲ್ಲ. ತಕ್ಕಡಿಯಲ್ಲಿ ತೂಗಿದ ಹಾಗೆ ಅರ್ಧ ಅರ್ಧ ಹಂಚಿ ಕೂತರು. ಹಾಗೆ ಹಂಚಿದ್ದೇ ನನಗೆ ಹೆಚ್ಚು ಉರಿಯಿತು. ನನ್ನ ಪಾಲಿನ ಅರ್ಧವನ್ನು ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೊರಬಿದ್ದು, ನೇರ ಗುಳೇದಗುಡ್ಡದ ಬಸ್ಸು ಹತ್ತಿದೆ. ಬಾದಾಮಿಯ ಹುದ್ದೆ ಬೇರೆಯವರಿಗೆ ಹೋಯಿತು.

ಹದಿನೈದು ದಿನ ತವರಿನಲ್ಲೇ ಇದ್ದೆ. ಫೋನು ಬಂದ್ ಮಾಡಿ, ಅವ್ವ ಮಗ್ಗದಲ್ಲಿ ಖಣ ನೇಯುವುದನ್ನು ನೋಡುತ್ತ ಪಡಸಾಲೆಯಲ್ಲಿ ಬಿದ್ದುಕೊಂಡಿದ್ದೆ. ಒಂದು ಮಧ್ಯಾಹ್ನ ಬಾಗಿಲಲ್ಲಿ ಸರ್ ನಿಂತಿದ್ದರು. ಕೈಯಲ್ಲಿ ನನ್ನ ದಪ್ಪ ನೋಟ್‌ಬುಕ್. ವಿಳಾಸ ಹೇಗೆ ಸಿಕ್ಕಿತೋ, ಎರಡು ಬಸ್ಸು ಬದಲಿಸಿ ಬಂದಿದ್ದರು.

ನಾನು ಏಳಲಿಲ್ಲ. ಅವ್ವ ಮಗ್ಗದ ತಗ್ಗಿನಿಂದ ಎದ್ದು ಬಂದಳು.

"ಬರ್ರಿ ಸರ್, ಕುಂದರ್ರಿ. ನನ್ನ ಮಗಳನ್ನ ಅಷ್ಟ್ ಮಂದಿ ಮುಂದ ಅಳಿಸಿದ್ರಂತಲ್ಲ, ನಿಮಗರ ಹೆಣ್ಣಮಕ್ಕಳಿಲ್ಲೇನ್ರಿ?"

"ಇದಾಳ್ರಿ ಅಕ್ಕಾರ. ಆಕಿನೂ ನನ್ನ ಕೂಡ ಮಾತು ಬಿಟ್ಟಾಳ."

ಅವ್ವ ಒಳಗೆ ಹೋಗಿ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿಕೊಂಡು ಬಂದಳು. ಬಡಿಸುತ್ತಲೇ ಬೈದಳು. ಸರ್ ಬಯ್ಗಳಕ್ಕೆಲ್ಲ "ಹೌದ್ರಿ" ಎನ್ನುತ್ತ ಎರಡು ರೊಟ್ಟಿ ಮುಗಿಸಿ ಮೂರನೆಯದು ಕೇಳಿದರು. ಕೈ ತೊಳೆದುಕೊಂಡು ಬಂದು ನನ್ನ ಮುಂದೆ ನೋಟ್‌ಬುಕ್ ತೆರೆದಿಟ್ಟರು.

"ಕಾಕಂಬಿ ಬಿಡು. ಶುದ್ಧ ಸಕ್ಕರಿ ಫ್ಲಾಸ್ಕ್ ನೋಡಿಯೇನು? ಇವು ಹಾಳಿ ಮುಗಿಯೂಕಿಂತ ಮೊದಲ ಸೋಸಿದ್ವು, ಯೀಸ್ಟ್ ಇಲ್ಲ. ಇದರಾಗ ಆಮ್ಲ ಎಷ್ಟೈತಿ ಓದು."

ಓದಿದೆ. ಇಲ್ಲವೆನ್ನುವಷ್ಟು ಕಡಿಮೆ. ಆಲ್ಕೋಹಾಲಿನ ಸಾಲಿನ ಮೇಲೆಯೇ ಕಣ್ಣಿಟ್ಟಿದ್ದ ನಾನು ಆ ಸಾಲನ್ನು ಬರೆದಿದ್ದೆ, ಓದಿರಲಿಲ್ಲ.

"ಕಿಂಡಿ ಎಲ್ಲಾ ಮುಚ್ಚ್ಯಾವ. ಆದ್ರ ಅರ್ಧಾ ಸಕ್ಕರಿ ತಿನ್ನಲಾರದ ಹಂಗ ಉಳದೈತಿ. ಯಾಕ?"

ಕ್ಷಮೆ ಕೇಳಲು ಬಂದಿದ್ದಾರೆಂದು ತಿಳಿದಿದ್ದೆ. ಬಂದದ್ದು ಈ 'ಯಾಕ'ಗೆ. ಸಿಟ್ಟಿನಿಂದ ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಅವರು ಹೋದ ಮೇಲೆ ಆ ಪ್ರಶ್ನೆ ಮಾತ್ರ ಮನೆಯಲ್ಲೇ ಉಳಿಯಿತು. ಮೂರನೇ ದಿನ ಬಾಗಲಕೋಟೆಗೆ ಹೋದೆ. ಸರ್ ಮನೆಗೆ ಬಂದ ದಿನ ಅವ್ವ ಅವರ ಹೆಂಡತಿಗೆಂದು ಕುಪ್ಪಸದ ಒಂದು ಖಣ ಕೊಟ್ಟು ಕಳಿಸಿದ್ದಳು. ನನ್ನನ್ನು ನೋಡುತ್ತಲೇ ಸರ್ ಆಡಿದ ಮೊದಲ ಮಾತು, "ಬಣ್ಣ ಬಿಡ್ತೈತಂತ, ನಿಮ್ಮವ್ವಗ ಹೇಳು."

ಉತ್ತರ ಹುಡುಕಲು ಒಂದು ವರ್ಷ ಹಿಡಿಯಿತು. ನಾವು ಹೊರಗಿನಿಂದ ತಂದು ಸೇರಿಸಿದ್ದ ಎರಡು ಜೀನುಗಳನ್ನು ಹುಳ ಬೆಳೆಯುತ್ತ ಬೆಳೆಯುತ್ತ ಹೊರೆಯೆಂದು ಬಿಸಾಡುತ್ತಿತ್ತು. ಅಂದರೆ ದೊಡ್ಡ ಬಾಗಿಲನ್ನೇ ಅದು ಕಿತ್ತೆಸೆಯುತ್ತಿತ್ತು. ಬಿಸಾಡಲು ಬಾರದಂತೆ ಅವನ್ನು ಅದರ ಸ್ವಂತ ವರ್ಣತಂತುವಿನೊಳಗೇ ಸೇರಿಸಲು ಇನ್ನೂ ಒಂದೂವರೆ ವರ್ಷ. ಕೊನೆಗೆ ಸಿಕ್ಕ ಹುಳ ಪವಾಡವನ್ನೇನೂ ಮಾಡಲಿಲ್ಲ. ಮೊದಲಿನದಕ್ಕಿಂತ ಒಂದಿಷ್ಟು ಹೆಚ್ಚು ಆಲ್ಕೋಹಾಲು, ಆದರೆ ಪ್ರತಿ ಸಲವೂ ಅಷ್ಟೇ. ಸೋಸಿದ ಕಾಕಂಬಿಯಲ್ಲೂ ಅಷ್ಟೇ. ಪಕ್ಕದ ಹುಳ ಹಾಕದ ಫ್ಲಾಸ್ಕು ತೆಪ್ಪಗೆ ಕೂತಿರುತ್ತಿತ್ತು.

ಎಂಟನೇ ವರ್ಷ ಪೇಪರ್ ಅಚ್ಚಾಯಿತು, ಪಿಎಚ್.ಡಿ.ಯೂ ಬಂತು. ಅಧ್ಯಾಪಕಿಯ ಕೆಲಸ ಮತ್ತೆ ಸಿಗಲಿಲ್ಲ. ಈಗ ನಾನು ಒಂದು ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಗುಣಮಟ್ಟ ನೋಡುವ ಕೆಲಸದಲ್ಲಿದ್ದೇನೆ. ಅಲ್ಲಿ ಆಲ್ಕೋಹಾಲು ಮಾಡುವುದೆಲ್ಲ ಯೀಸ್ಟೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದರ ಸೇವೆ ನನ್ನದು. ಆ ಸಭೆಯ ನಂತರ ವಿಭಾಗದ ಮುಖ್ಯಸ್ಥರ ಸ್ಥಾನ ಸರ್ ಕೈಯಿಂದ ಹೋದಾಗ ಸರದಿ ಬದಲಾಯಿತೆಂದು ತಿಳಿದಿದ್ದೆ. ಪ್ರಾಂಶುಪಾಲರೇ ಅವರನ್ನು ಇಳಿಸಿದ್ದರೆಂದು ನನಗೆ ಗೊತ್ತಾದದ್ದು ಬೀಳ್ಕೊಡುಗೆಯ ದಿನ, ಪಕ್ಕದಲ್ಲಿ ಕೂತಿದ್ದವರ ಬಾಯಿಂದ. ಇಷ್ಟು ವರ್ಷ ಅದರ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ. ಅದಕ್ಕೂ ನನಗೆ ಸಿಟ್ಟೇ ಬಂತು.

ಹೋದ ವಾರ ಊಟದ ಹೊತ್ತಿಗೆ ಕಾರ್ಖಾನೆಯ ಗೇಟಿನಿಂದ ಫೋನು. ಯಾರೋ ವಯಸ್ಸಾದವರು ಬಂದಿದ್ದಾರೆ, ಪಾಸ್ ಇಲ್ಲ, ಒಳಗೆ ಬಿಡಲಾಗದು ಎಂದರು. ಹೋಗಿ ನೋಡಿದರೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಪಕ್ಕ, ಧೂಳಿನಲ್ಲಿ ಸರ್. ಕೈಯಲ್ಲಿ ಮಡಚಿದ ಒಂದು ಹಾಳೆ.

"ಫೋನ್ ಮಾಡಬಾರದೇನ್ರಿ ಸರ್, ಈ ಬಿಸಲಾಗ?"

"ಓದು" ಎಂದರು.

ಬೇರೆ ರಾಜ್ಯದ ಒಂದು ಪ್ರಯೋಗಾಲಯದಿಂದ ಬಂದ ಇಮೇಲು, ಮುದ್ರಿಸಿ ತಂದಿದ್ದರು. ನಾವು ಒಮ್ಮೆಯೂ ಮುಖ ನೋಡದ ಜನ ನಮ್ಮ ಪೇಪರ್ ಓದಿ ನಮ್ಮ ಹುಳವನ್ನು ತರಿಸಿಕೊಂಡಿದ್ದರು. ತಮ್ಮಲ್ಲಿಯ ಗೋವಿನಜೋಳದ ದಂಟಿನ ಸಕ್ಕರೆಯಲ್ಲಿ ಬೆಳೆಸಿದ್ದರು. ನೀವು ಬರೆದಷ್ಟೇ ಬಂತು, ನಾಲ್ಕು ಸಲ ಮಾಡಿದೆವು, ಇನ್ನು ಮುಂದಿನ ಕೆಲಸವನ್ನು ಇದರ ಮೇಲೆಯೇ ಕಟ್ಟುತ್ತೇವೆ ಎಂದು ಬರೆದಿದ್ದರು. ಪತ್ರದ ತಲೆಯಲ್ಲಿ ನನ್ನ ಹೆಸರು ಮೊದಲಿತ್ತು, ಸರ್ ಹೆಸರು ಆಮೇಲೆ.

ನಾನು ಎರಡು ಸಲ ಓದಿದೆ. ಟ್ರ್ಯಾಕ್ಟರೊಂದು ಹಾರ್ನ್ ಹಾಕಿತು. ಇಬ್ಬರೂ ಗೋಡೆಯ ಕಡೆ ಸರಿದೆವು.

"ಬಾದಾಮಿ ನೌಕರಿ ಕೈಬಿಟ್ಟು ಹೊಕ್ಕೈತಿ ಅಂತ ಅವತ್ತು ನನಗ ಗೊತ್ತಿತ್ತು ತಂಗಿ," ಎಂದರು ಸರ್. ನನ್ನ ಕಡೆ ನೋಡುತ್ತಿರಲಿಲ್ಲ, ಕಬ್ಬಿನ ಹೇರನ್ನು ನೋಡುತ್ತಿದ್ದರು. "ಗೊತ್ತಿದ್ದ ಎದ್ದು ಹೇಳಿದೆ. ಮಂದಿ ಮುಂದ ನಿನ್ನ ಹೆಸರು ತಗೀಬಾರದಿತ್ತೋ ಏನೋ. ಅದೊಂದು ನನಗ ಇನ್ನೂ ಬಗಿಹರದಿಲ್ಲ. ಸಿಟ್ಟೈತೇನು ಇನ್ನೂ?"

ಇಲ್ಲ ಎನ್ನುವುದು ಸುಲಭವಿತ್ತು. ಬಿಸಿಲಲ್ಲಿ ಬಂದು ಬಸವಳಿದು ನಿಂತ ಮುದುಕನಿಗೆ ಅಷ್ಟು ಹೇಳಿದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಅವರ ಮುಂದೆ ಸುಳ್ಳು ಹೇಳುವ ಅಭ್ಯಾಸವೇ ನನಗೆ ತಪ್ಪಿಹೋಗಿದೆ.

"ಐತ್ರಿ ಸರ್," ಎಂದೆ.

"ಇರಲಿ" ಎಂದರು ಸರ್. ನನ್ನ ಕೈಯಿಂದ ಹಾಳೆ ತೆಗೆದುಕೊಳ್ಳಲಿಲ್ಲ. ಚಷ್ಮಾ ತೆಗೆದು, ಒರೆಸದೆಯೇ ತಿರುಗಿ ಹಾಕಿಕೊಂಡು, ರಸ್ತೆ ದಾಟಿ ಬಸ್ಸಿಗೆ ನಿಂತರು.